ಲಾಡ್ಜಿನ ಬಾಗಿಲಿಗೆ ರಂಗೋಲಿ

12 ಮೇ 1998, ಮಂಗಳವಾರ. ಚಾಮರಾಜನಗರ.

ಬೆಳಿಗ್ಗೆ ಅವ್ವನ ಮೇಲೆ ರೇಗಿದ್ದು ಇನ್ನೂ ಚುಚ್ಚುತ್ತಿದೆ. ಮಗಳು ಭಾನುವಿಗೆ ಎರಡು ದಿನ ಹೊಲಿಗೆ ಪರೀಕ್ಷೆ. ಭೀಮನಬೀಡಿನಿಂದ ಬಸ್ಸು ನಂಬಿ ಬರುವುದು ಬೇಡವೆಂದು ಮನೆಮಂದಿಯೆಲ್ಲ ನಿನ್ನೆಯೇ ಬಂದು ಈ ಅಗ್ಗದ ಲಾಡ್ಜಿನಲ್ಲಿ ಇಳಿದೆವು. ಅಗ್ಗವಾದರೂ ಗೋಡೆಗೆ ಹೊಸ ಸುಣ್ಣ, ಹಾಸಿಗೆಗೆ ಒಗೆದ ಬಟ್ಟೆ. ನಾನು ಏಳುವಷ್ಟರಲ್ಲಿ ಅವ್ವ ರೂಮಿನ ಬಾಗಿಲಿಗೆ ನೀರು ಹಾಕಿ, ಊರಿಂದ ಗಂಟು ಕಟ್ಟಿ ತಂದ ಪುಡಿಯಲ್ಲಿ ರಂಗೋಲಿ ಬಿಟ್ಟಿದ್ದಳು! ವರಾಂಡವೆಲ್ಲ ಒದ್ದೆ.

"ಇದೇನು ನಮ್ಮನೇನಾ? ಆಚ್ಗೆ ಹಾಕ್ತಾರೆ ಕಣವ್ವ" ಎಂದು ಕೂಗಾಡಿದೆ.

"ಮೊಗ ಪರೀಕ್ಸೆಗೆ ಒಂಟದೆ. ಬರೀ ಬಾಗ್ಲು ದಾಟ್ಕಂಡು ಓಗ್ಬೇಕಾ?" ಎಂದಳು.

ಅಷ್ಟರಲ್ಲಿ ಮ್ಯಾನೇಜರ್ ಶಾಂತಮಲ್ಲಪ್ಪ ಮೆಟ್ಟಿಲು ಹತ್ತಿ ಬಂದರು. ನೋಡಿದರು. ಹಾಗೇ ಇಳಿದುಹೋದರು.

ಸಂಜೆ ಪರೀಕ್ಷೆ ಮುಗಿಸಿಕೊಂಡು ಬಂದು ನೋಡಿದರೆ ವರಾಂಡವನ್ನೆಲ್ಲ ಒರೆಸಿದ್ದಾರೆ, ರಂಗೋಲಿಯಷ್ಟನ್ನು ಬಿಟ್ಟು. ಎಂಥ ಮನುಷ್ಯ!

ಊಟವಾದ ಮೇಲೆ ಅವರೇ ಬಂದು ಬಾಗಿಲು ತಟ್ಟಿದರು. "ಅವ್ವಾ, ಬೆಳಿಗ್ಗೆ ಕೆಳಗಡೆ ಆಫೀಸ್ ಬಾಗ್ಲಿಗೂ ಒಂದೆಳೆ ಎಳೆದ್ಬುಡಿ" ಎಂದರು.

ಮಲಗೋಣವೆಂದರೆ ಅವ್ವ ಗಂಟು ಬಿಚ್ಚಿಕೊಂಡು ಕೂತಿದ್ದಾಳೆ. "ಲೈಟು ಆರಿಸ್ಬೇಡ ಕಣ್ಲಾ, ಪುಡಿ ಸಾಲ್ತದಾ ನೋಡ್ಬೇಕು."