ಗಾಯರಾಣದ ಎರಡನೇ ಫಾರಂ

ನೌಬಾದ, ಬೀದರ
14 ನವೆಂಬರ್ 2024

ಪ್ರೀತಿಯ ವೈನಿ,

ವೇದಿಕೆಯನ್ನು ಅಲಂಕರಿಸಿರುವ ರೊಟ್ಟಿ ಹಂಚಿನವರೇ, ಮುಖ್ಯ ಅತಿಥಿಗಳಾಗಿ ಕುದಿಯುತ್ತಿರುವ ಬಾಣಂತಿಯ ಬಿಸಿನೀರಿನವರೇ, ತೊಟ್ಟಿಲಲ್ಲಿ ಮಲಗಿಕೊಂಡೇ ಮನೆಯವರನ್ನೆಲ್ಲ ಎಬ್ಬಿಸಿ ಕೂಡಿಸುವ ಸಭಾಧ್ಯಕ್ಷರೇ, ಕನ್ನಡಕ ಹುಡುಕಿ ಸುಸ್ತಾಗಿ ಈಗಷ್ಟೇ ಕೂತಿರುವ ಶ್ರೀಮತಿ ಸುಲಭಾಬಾಯಿಯವರೇ! ಮೈದುನ ಮಾಧವನ ಬಿನ್ನಹ.

ಉದಗೀರದಲ್ಲಿ ಎಲ್ಲರೂ ಕ್ಷೇಮವೇ? ಮಾನಸಿ ಸರಿಯಾಗಿ ಉಣ್ಣುತ್ತಾಳೋ, ತವರಿನಲ್ಲಿ ಮಾಡುತ್ತಿದ್ದ ಹಾಗೆ ತಾಟು ಸರಿಸಿ ಏಳುತ್ತಾಳೋ? ಮೊಮ್ಮಗ ಹುಟ್ಟಿ ಇಪ್ಪತ್ತು ದಿನ ತುಂಬಿತು. ಅವನ ಮೈ ತುಂಬುವಷ್ಟರಲ್ಲಿ ನಿಮ್ಮ ಮೈ ಕರಗದಿರಲಿ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಬಾಣಂತಿಗೆ ಹತ್ತರಕಿ ಪಲ್ಯದ ಸೊಪ್ಪು ಸಿಗುತ್ತಿಲ್ಲವೆಂದು ಫೋನಿನಲ್ಲಿ ಪೇಚಾಡಿದಿರಿ. ಉದಗೀರದ ಬಜಾರಿನಲ್ಲಿ ಅದನ್ನು ಕೇಳಿದ್ದಕ್ಕೆ ಕಾಯಿಪಲ್ಯದವಳು ನಿಮ್ಮನ್ನೇ ಮೇಲಿಂದ ಕೆಳಗೆ ನೋಡಿದಳಂತಲ್ಲ. ನಮ್ಮೂರ ಗಾಯರಾಣದಲ್ಲಾದರೆ ದನದ ಬಾಯಿಗಿಂತ ಮೊದಲು ನಿಮ್ಮ ಕೈ ಅದರ ಮೇಲೆ ಬೀಳುತ್ತಿತ್ತು.

ಅದೇ ಗಾಯರಾಣದ ಸುದ್ದಿಗೆ ಬರುತ್ತೇನೆ. ಊರ ದನ ಮೇಯುವ ಆ ಇಪ್ಪತ್ತು ಎಕರೆಯಲ್ಲಿ ಗೋದಾಮು ಕಟ್ಟುತ್ತಾರೆಂದು ಪಂಚಾಯಿತಿ ಗೋಡೆಗೆ ನೋಟಿಸು ಹಚ್ಚಿದ್ದು ನಿಮಗೆ ಗೊತ್ತೇ ಇದೆ. ತಕರಾರು ಇದ್ದವರು ಡಿಸೆಂಬರ್ ಎರಡು, ಸೋಮವಾರ ಔರಾದಿನ ತಹಸೀಲು ಕಚೇರಿಗೆ ಬಂದು ಹೇಳಬೇಕು. ನೋಟಿಸಿನ ಕೆಳಗೆ ಒಂದು ಸಾಲು ಇದೆ: ಜೀವವೈವಿಧ್ಯ ಸಮೀಕ್ಷೆಯ ಪ್ರಕಾರ ಬೇಸಿಗೆ, ಮಳೆಗಾಲ ಎರಡರಲ್ಲೂ ಈ ನೆಲದಿಂದ ಜನರಿಗೆ ಉಪಯೋಗ ಕಂಡುಬಂದಿಲ್ಲ. ಬಾಬುಮಿಯಾ ಆಡು ಮೇಯಿಸುವುದು ಬಿಟ್ಟು ಬಂದು ಅದನ್ನು ನಿಮಗೆ ಓದಿಸಿದ ದಿನವೇ ನೀವು ನನಗೆ ಹುಕುಮು ಮಾಡಿದಿರಿ: “ಮಾಧು, ನೀ ಆ ಸಮೀಕ್ಷಾದಾಗ ಇದ್ದಂವ. ನಿನ್ನ ಬದಲಿ ಬಂದು ಹಂಗ ಬರದ ಕತ್ತಿ ಯಾರು, ಹುಡುಕಿ ಹೇಳು. ಅಂವಾ ನನ್ನ ಎದುರಿಗೆ ಕೂಡಲಿ, ಒಂದೊಂದ ಪಲ್ಯಾದ ಹೆಸರು ಹೇಳ್ತೇನಿ.”

ಆ ಕತ್ತೆಯನ್ನು ಹುಡುಕಿದೆ, ವೈನಿ. ಬೀದರದ ಕಚೇರಿಯಲ್ಲಿ ಮಳೆಗಾಲದ ಫಾರಮಿನ ನಕಲು ನೋಡಿದೆ. ಸಹಿ ಗುರುತು ಹತ್ತುವುದಿಲ್ಲ. ಮಸಿಯಲ್ಲಿ ಬಿದ್ದ ಇರುವೆ ಎದ್ದು ಮನೆಗೆ ನಡೆದ ಹಾಗಿದೆ. ನಾವು ಆರು ಜನ ಊರೂರು ತಿರುಗಿದವರು, ಯಾರೆಂದು ಹೇಳುವುದು?

ನನ್ನ ಮೊದಲ ಭೇಟಿ ನಿಮಗೆ ನೆನಪಿರಬೇಕು. ಹೋದ ವರ್ಷದ ವೈಶಾಖ, ನೆಲ ಸುಟ್ಟ ಹಂಚಿನಂತಿತ್ತು. ಯಾವ ಗಿಡ, ಯಾವ ಹುಳ, ಯಾವ ಹಕ್ಕಿ ಜನರಿಗೆ ಏನು ಕೊಡುತ್ತದೆ ಎಂದು ಕೇಳಿ ಬರೆಯುವುದು ನಮ್ಮ ಕೆಲಸ. ಸಂಶೋಧನೆಯ ಮುಖ್ಯಸ್ಥೆ ವೃಂದಾ ಮೇಡಂ ಅದಕ್ಕೆ ಪರಿಸರದ ಸೇವೆಗಳು ಎನ್ನುತ್ತಾರೆಂದು ಹೇಳಿದ್ದಕ್ಕೆ ನೀವು, “ಸೇವಾ ಅಂತ! ನೆಲಾ ಏನ್ ಪಗಾರ ತಗೋತದೇನೋ?” ಎಂದು ಸೆರಗು ಬಾಯಿಗಿಟ್ಟು ನಕ್ಕಿರಿ. ಆಮೇಲೆ ಗಂಭೀರವಾಗಿ, “ಈಗೇನೂ ಬರೀಬ್ಯಾಡ. ಮಿರಗದ ಮಳಿ ಬೀಳಲಿ, ಶ್ರಾವಣದಾಗ ಬಾ. ಗೋಳಿ, ತಗಚಿ, ಕಿರಕಸಾಲಿ, ಎಲ್ಲಾ ಪಲ್ಯಾ ಕೈಯಾಗ ಹಿಡದು ತೋರಿಸ್ತೇನಿ” ಎಂದಿರಿ. ಬಾಬುಮಿಯಾ ಕಾರೆಯ ಕಂಟಿ ತೋರಿಸಿ, “ಸಾಬ್, ಇದರಾಗಿನ ಜೇನಹುಳಾನೇ ನಿಮ್ಮ ಅಣ್ಣಾರ ತೊಗರಿ ಹೂವಿಗಿ ಹೋಗ್ತಾವ್ರಿ” ಎಂದ. ಹಳ್ಳದ ಬಾವಿಗೆ ಬೇಸಿಗೆಯಲ್ಲೂ ನೀರು ಜಿನುಗುವುದು ಈ ಹುಲ್ಲಿನ ಇಳಿಜಾರು ಮಳೆ ಹಿಡಿದಿಡುವುದರಿಂದ ಎಂದೂ ಅವನೇ ಹೇಳಿದ. ಬೇಸಿಗೆಯ ಫಾರಮಿನಲ್ಲಿ ನಾನು, ‘ಸದ್ಯ ಏನೂ ಕಾಣದು, ಮಳೆಗಾಲದಲ್ಲಿ ನೋಡಬೇಕು’ ಎಂದು ಬರೆದೆ. ಅಲ್ಲಿಯ ತನಕ ನಾನು ಮನುಷ್ಯನಾಗಿದ್ದೆ.

ಶ್ರಾವಣದ ಆ ಭಾನುವಾರ ಸಂತಪುರದ ಹತ್ತಿರ ಬಸ್ಸು ಕೆಸರಿನಲ್ಲಿ ಹೂತಿತೆಂದು ನಿಮಗೆ ತಿಳಿಸಿದ್ದೆ. “ಇರಲಿ ಬಿಡು, ಮಳಿ ನಿನ್ನ ಕೇಳಿ ಬರ್ತದೇನು” ಎಂದಿರಿ. ಒಂದು ಬೈಗುಳವನ್ನಾದರೂ ಬೈದಿದ್ದರೆ ಬದುಕುತ್ತಿದ್ದೆ.

ಒಟ್ಟಿನಲ್ಲಿ ನನ್ನ ಸಲಹೆ: ಹಸಿ ಬಾಣಂತಿಯನ್ನು ಬಿಟ್ಟು ನೀವು ಔರಾದಿಗೆ ಬರಬೇಡಿ. ಆ ಮನುಷ್ಯ ಸಿಗುವವನಲ್ಲ. ‘ಹೋದ ನೆಲಕ್ಕೆ ಹೊರಳಿ ನೋಡಬಾರದು, ಹರಿದ ಸೆರಗಿಗೆ ಮರಳಿ ಅಳಬಾರದು’ ಎಂದು ನಾನೇ ಕಟ್ಟಿದ್ದೇನೆ. ಪ್ರಾಸ ಚೆನ್ನಾಗಿದೆ, ಮಾತು ಕೆಟ್ಟದ್ದು.

ಮಾನಸಿಗೆ ಆಶೀರ್ವಾದ. ಕೂಸಿನ ಅಂಗಾಲಿಗೆ ಈ ಕಾಕಾ ಅಜ್ಜನ ಹೆಸರಿನಲ್ಲಿ ಒಂದು ಮುತ್ತು. ನಿಮ್ಮ ಪಾದಗಳಿಗೆ ನಮಸ್ಕಾರ.

ನಿಮ್ಮ ಮಾಧು

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದೆ. ಆ ಭಾನುವಾರ ಬಸ್ಸು ಎಲ್ಲಿಯೂ ಹೂತುಹೋಗಲಿಲ್ಲ. ನಾನು ಔರಾದಿನ ಬಸ್ಸನ್ನೇ ಹತ್ತಲಿಲ್ಲ. ಭಾಲ್ಕಿಯಲ್ಲಿ ಪರಿಸರ ಕವಿಗೋಷ್ಠಿ ಇತ್ತು, ಅಲ್ಲಿಗೆ ಹೋದೆ. ‘ಹಕ್ಕಿ ಬೇಕು, ಹುಲ್ಲು ಬೇಕು, ಹುಳದ ಹಿಂಡೂ ಬೇಕು, ಇಕ್ಕಿದಂಥ ರೊಟ್ಟಿಯೊಳಗೆ ಇವರ ಪಾಲೂ ಬೇಕು’ ಎಂದು ಓದಿ ಶಾಲು ಹೊದಿಸಿಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ, ತೊಡೆಯ ಮೇಲೆ ಶಾಲು, ಶಾಲಿನ ಮೇಲೆ ಫಾರಂ ಇಟ್ಟುಕೊಂಡು ‘ಉಪಯೋಗ: ಇಲ್ಲ’ ಎಂದು ತುಂಬಿದೆ. ಬಸ್ಸು ಕುಲುಕಿದ್ದಕ್ಕೆ ಸಹಿ ಹಾಗಾಯಿತು. ಅದೇ ದಿನ ನೀವು ಬೇವಿನ ಗಿಡದ ಕೆಳಗೆ ಹತ್ತು ಬಗೆಯ ಪಲ್ಯ ಹರವಿಕೊಂಡು, ಬಾಡದಿರಲೆಂದು ಕುಡಿಯುವ ನೀರನ್ನೇ ಚಿಮುಕಿಸುತ್ತ ಮೂರು ತಾಸು ಕೂತಿದ್ದಿರಿ. ಬಾಬುಮಿಯಾ ಹೇಳಿದ. ನೀವು ಇವತ್ತಿನವರೆಗೂ ಹೇಳಲಿಲ್ಲ.

ಎರಡನೇ ತಾರೀಖು ಸೋಮವಾರ ಔರಾದಿಗೆ ಬನ್ನಿ, ವೈನಿ. ಆ ಕತ್ತಿ ನಿಮ್ಮ ಎದುರಿಗೆ ಕೂಡುತ್ತಾನೆ.