ಮೆಟ್ಟಿಲ ಕೆಳಗಿನ ಕೋಣೆ

ಅಪ್ಪಾ,

ಪಕ್ಕದವರಿಗಿಂತ ನಮ್ಮ ಮನೆಗಂದಾಯ ಯಾಕೆ ಹೆಚ್ಚೆಂದು ಕೇಳಲು ಇವತ್ತು ಕಚೇರಿಗೆ ಹೋಗಿದ್ದೆ. ಅಲ್ಲಿನ ಕ್ಲರ್ಕಮ್ಮ ಹಳೆಯ ಕಡತ ತೆಗೆದು, ಮನೆಯ ನಕ್ಷೆಯ ಮೇಲೆ ಬೆರಳಿಟ್ಟು ನಕ್ಕರು.

"ಮೆಟ್ಟಿಲ ಕೆಳಗಿನ ಜಾಗಾನ ಕೋಣೆ ಅಂತ ಬರೆಸಿಬಿಟ್ಟಿದ್ದಾರಲ್ಲ ಮೇಡಂ ನಿಮ್ಮ ತಂದೆ! ಅಳೆಯೋಕೆ ಬಂದ್ರೆ ಜನ ಇರೋ ಕೋಣೇನೇ ಮುಚ್ಚಿಡ್ತಾರೆ. ಇವರು ಇಲ್ಲದ್ದನ್ನ ಸೇರಿಸಿದ್ದಾರೆ."

ನನಗೂ ನಗು ತಡೆಯಲಾಗಲಿಲ್ಲ. ಅವತ್ತು ಅಳೆಯಲು ಬಂದಾತ "ಇದು ಗೂಡು ಸಾರ್, ಲೆಕ್ಕಕ್ಕಿಲ್ಲ" ಎಂದಾಗ ನೀನು ಜಗಳಕ್ಕೇ ನಿಂತಿದ್ದೆ.

"ಯಾವನ್ರೀ ಗೂಡು ಅಂದಿದ್ದು? ಎಂ.ಎ. ಓದೋ ನನ್ನ ಮಗಳ ಕೋಣೆ ಅದು. ಬರ್ಕೊಳ್ಳಿ!"

"ಇವರಿಗೆ ಬಾಯಿ ಮುಚ್ಕೊಂಡಿರೋಕೇ ಬರಲ್ಲ" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ನೀನೇ ಕೂರಿಸಿದ ಬಾಗಿಲಿನ ಬಣ್ಣ ಒಣಗುವ ಮೊದಲೇ ನಾನು ಹಾಸ್ಟೆಲ್ಲಿಗೆ ಹೊರಟೆ. ಆಮೇಲೆ ಅಲ್ಲಿ ಪೊರಕೆ, ಬಕೆಟ್ಟು ಸೇರಿದವು. ಕೋಣೆಯ ಕಂದಾಯವನ್ನು ಮಾತ್ರ ನೀನು ಕೊನೆಯುಸಿರಿನವರೆಗೂ ತಪ್ಪಿಸಲಿಲ್ಲ.

"ಅರ್ಜಿ ಕೊಡಿ, ತೆಗೆದುಬಿಡೋಣ" ಎಂದರು ಕ್ಲರ್ಕಮ್ಮ. "ಅಷ್ಟು ತಗ್ಗಿನಲ್ಲಿ ಯಾರಿರ್ತಾರೆ?"

"ನಾನಿರ್ತೀನಿ" ಎಂದೆ. "ಅದು ಹಾಗೇ ಇರಲಿ."

ಮನೆಗೆ ಬಂದವಳೇ ಅದನ್ನು ಗುಡಿಸಿ, ಒರೆಸಿ, ನನ್ನ ಕವನ ಸಂಕಲನಗಳನ್ನು ಒಳಗೆ ತಂದಿಟ್ಟೆ. ನಿಂತರೆ ತಲೆ ತಾಗುತ್ತದೆ, ಕೂತರೆ ಸುಖವಾಗಿದೆ. ಇದನ್ನು ಅಲ್ಲೇ ಕೂತು ಬರೆಯುತ್ತಿದ್ದೇನೆ. ಇಳಿಬಿಸಿಲು ಒಳಗೆ ಬಂದಿದೆ, ಆದರೂ ಕೈಯ ನೆರಳು ಹಾಳೆಯ ಮೇಲೆ ಬೀಳುತ್ತಿಲ್ಲ. ಎಡಗೈಯಲ್ಲಿ ಬರೆಯುವ ಮಗಳಿಗೆಂದು ಕಿಟಕಿಯನ್ನು ನೀನು ಬಲಗಡೆ ಇಟ್ಟಿದ್ದೀಯ.