ದೊರೆಯ ಕರು

ಡಿಸೆಂಬರ್ ೧೭, ಬುಧವಾರ

ಸೋಪು ಹಾಕಿ ಒಗೆದರೂ ಟವಲಿನ ಮೂಲೆಯಲ್ಲಿ ಆ ಜೊಲ್ಲಿನ ವಾಸನೆ ಹಾಗೇ ಐತೆ.

ಬೆಳಿಗ್ಗೆ ಹಗರೆಯಿಂದ ಪದ್ಮಪ್ರಸಾದ್ ಫೋನ್ ಮಾಡಿದ್ದರು. "ನಿಮ್ಮ ದೊರೆಗೆ ಗಂಡು ಕರು ಹುಟ್ಟಿದೆ ಇಂದುಧರಣ್ಣ. ನೀವು ಬಂದು ಸುಳಿ ನೋಡೋವರೆಗೂ ಹೆಸರಿಡಲ್ಲ."

ನನ್ನ ಹಳ್ಳಿಕಾರ್ ಹೋರಿ ದೊರೆಯನ್ನು ಶಿವರಾತ್ರಿಗೆ ಮುಂಚೆ ನಾನೇ ಮಣ್ಣು ಮಾಡಿದ್ದೆ. ಮೊದಲೇ ತೆಗೆದಿಟ್ಟಿದ್ದ ವೀರ್ಯದಿಂದ ಅವರ ಹಸು ಗಬ್ಬ ಕಟ್ಟಿದ್ದು ಆಮೇಲೆ.

ತಕ್ಷಣ ಬಸ್ಸು ಹಿಡಿದು ಹೋಗಿ, ಹಣೆಯ ಸುಳಿ ನೋಡೋಕೆ ಬಗ್ಗಿದೆ. ಇನ್ನೂ ಮೈ ಆರದ ಕರು ನನ್ನ ಹೆಗಲ ಟವಲಿನ ಮೂಲೆ ಕಚ್ಚಿ, ಎರಡು ಸಲ ಎಳೆದು, ಬಿಟ್ಟು, ಮುಖ ನೋಡಿತು. ದೊರೆ ಬೆಲ್ಲ ಕೇಳುತ್ತಿದ್ದದ್ದು ಹಾಗೇ. ನಾನು ಬೆಲ್ಲ ಕಟ್ಟಿಕೊಳ್ಳುತ್ತಿದ್ದದ್ದೂ ಆ ಮೂಲೆಯಲ್ಲೇ.

"ಹುಟ್ಟಿದ ಕರು ಏನು ಸಿಕ್ಕಿದ್ರೂ ಚೀಪುತ್ತೆ ಕಣ್ರೀ" ಅಂತಾಳೆ ನನ್ನವಳು ದ್ರಾಕ್ಷಾಯಣಿ. ಅಷ್ಟು ನನಗೆ ಗೊತ್ತಿಲ್ವಾ? ಇದು ಚೀಪಲಿಲ್ಲ. ಕೇಳಿತು.

ತಳಿ ಕೆಡದ ಹಾಗೆ ಹೋರಿ ಸಾಕೋದರಲ್ಲೇ ಆಯಸ್ಸು ಕಳೆದೆ. ತಂದೆಯ ಕೊಂಬು, ತಂದೆಯ ನಡಿಗೆ ಕರುವಿಗೆ ಬರಲಿ ಅಂತ. ಬೆಲ್ಲದ ನೆನಪೂ ಬರಲಿ ಅಂತ ಯಾರು ಕೇಳಿದ್ರು?

"ಏನಣ್ಣ ಹೆಸರಿಡೋಣ?" ಅಂದರು ಪದ್ಮಪ್ರಸಾದ್. ಬಾಯಿಗೆ ಬಂದದ್ದು ಒಂದೇ ಹೆಸರು. ಅದನ್ನು ನುಂಗಿಕೊಂಡು ಬಸ್ಸು ಹತ್ತಿದೆ.

ಬಿಕ್ಕೋಡಿನ ಹಸುವೂ ಈ ವಾರ ಈಯುತ್ತಂತೆ. ಅದರ ಹೊಟ್ಟೆಯಲ್ಲಿರೋದೂ ದೊರೆಯದೇ. ಟವಲು ಮನೆಯಲ್ಲೇ ಬಿಟ್ಟು ಹೋಗಬೇಕು.

ಆ ಕರುವೂ ಬಂದು ನನ್ನ ಬರಿ ಹೆಗಲಲ್ಲಿ ಟವಲಿನ ಮೂಲೆ ಹುಡುಕಿದರೆ...